ಮಲೆನಾಡಿನ ಅಡುಗೆಮನೆಗೆ ಸ್ಲೋ ಕುಕ್ಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಲೋ ಕುಕ್ಕರಿನ ಡಬ್ಬದೊಳಗೆ ಬರುವ ಪುಸ್ತಕದಲ್ಲಿ ಸ್ಟ್ಯೂ, ಸೂಪು, ರೋಸ್ಟುಗಳ ವಿವರ ಧಾರಾಳವಾಗಿ ಇರುತ್ತದೆ. ಹುರುಳಿ ಕಟ್ಟು, ನಾಟಿಕೋಳಿ ಸಾರು, ಕುಚ್ಚಲಕ್ಕಿ ಗಂಜಿಯ ಸುದ್ದಿ ಇರುವುದಿಲ್ಲ. ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಒಳಗಿರುವ ಮಾಂಸವನ್ನು ಏನು ಮಾಡಬೇಕು ಎಂದೂ ಇರುವುದಿಲ್ಲ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಕೊಪ್ಪ ಕಡೆಯ ಅಡುಗೆಗೆ ಹೊಂದುವ ಉತ್ತರಗಳು ಇಲ್ಲಿವೆ. ಅಳತೆಗಳೆಲ್ಲ 3.5 ಲೀಟರಿನ ಕುಕ್ಕರಿಗೆ. ಒಂದು ಲೋಟ ಎಂದರೆ 200 ಮಿ.ಲೀ.

ಪ್ರೆಶರ್ ಕುಕ್ಕರ್ ಇರುವಾಗ ಇದು ಯಾಕೆ ಬೇಕು?

ಎಲ್ಲ ಅಡುಗೆಗೂ ಬೇಡ. ಪ್ರೆಶರ್ ಕುಕ್ಕರ್ ಸುಮಾರು 120 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಬೇಗ ಬೇಯಿಸುತ್ತದೆ. ಸ್ಲೋ ಕುಕ್ಕರಿನಲ್ಲಿ ಪಿಂಗಾಣಿ ಪಾತ್ರೆಯನ್ನು ಸುತ್ತುವರಿದ ಹೀಟರ್ ಕಾಯಿಲ್ ಇರುತ್ತದೆ. ಅದು ಒಳಗಿನದನ್ನು ನಿಧಾನವಾಗಿ 90ರಿಂದ 98 ಡಿಗ್ರಿಯವರೆಗೆ ಏರಿಸಿ ಅಲ್ಲೇ ನಿಲ್ಲಿಸುತ್ತದೆ. ಸೌದೆ ಒಲೆ ಇದ್ದ ಮನೆಗಳಲ್ಲಿ ಕೋಡೊಲೆಯ ಮೇಲೆ ಬೆಳಗ್ಗೆ ಇಟ್ಟ ಪಾತ್ರೆ ಮಧ್ಯಾಹ್ನದವರೆಗೆ ಕೂತು ಬೇಯುತ್ತಿತ್ತಲ್ಲ, ಹೆಚ್ಚುಕಡಿಮೆ ಅದೇ ಕಾವು ಇದು.

ಮೂಳೆ, ನಾರು, ಚರ್ಮ ಇರುವ ಮಾಂಸ, ಬಲಿತ ನಾಟಿಕೋಳಿ, ಹುರುಳಿ, ಕಡಲೆ, ಕುಚ್ಚಲಕ್ಕಿ, ಹಲಸಿನ ಬೀಜ ಇವಕ್ಕೆ ಈ ಕಾವು ಹೇಳಿ ಮಾಡಿಸಿದ್ದು. ಗಟ್ಟಿ ಮಾಂಸದ ನಾರಿನ ನಡುವಿನ ಪೊರೆ ಕರಗಿ ಅಂಟಂಟು ರಸವಾಗಲು ಗಂಟೆಗಟ್ಟಲೆ ಹೊತ್ತು ಬೇಕು. ಆ ಹೊತ್ತು ಕೊಟ್ಟರೆ ಸಾರಿಗೆ ತಾನಾಗಿಯೇ ಮೈ ಬರುತ್ತದೆ. ತೊಗರಿಬೇಳೆ, ಅನ್ನ, ತರಕಾರಿ ಪಲ್ಯ, ಮೀನು ಇವಕ್ಕೆ ಇದನ್ನು ಹೂಡುವುದು ಕರೆಂಟು ಮತ್ತು ಸಮಯ ಎರಡೂ ದಂಡ. ತೊಗರಿಬೇಳೆ ಹೈನಲ್ಲಿ ಎರಡೂವರೆಯಿಂದ ಮೂರು ಗಂಟೆಗೆ ಬೇಯುತ್ತದೆ ಎನ್ನುವುದು ನಿಜ, ಆದರೆ ಅದೇ ಕೆಲಸ ಪ್ರೆಶರ್ ಕುಕ್ಕರಿನಲ್ಲಿ ಕಾಲು ಗಂಟೆಯದು.

ಲೋ, ಹೈ, ವಾರ್ಮ್: ಯಾವುದು ಯಾವಾಗ?

ಹೈ ಇಟ್ಟರೆ ಹೆಚ್ಚು ಬಿಸಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹೆಚ್ಚಿನ ಮಾದರಿಗಳಲ್ಲಿ ಎರಡೂ ಕೊನೆಗೆ ತಲುಪುವ ಕಾವು ಒಂದೇ. ತಲುಪುವ ವೇಗ ಮಾತ್ರ ಬೇರೆ. ಹೈನಲ್ಲಿ ಮೂರ್ನಾಲ್ಕು ಗಂಟೆಗೆ ಮುಟ್ಟುವ ಮಟ್ಟವನ್ನು ಲೋ ಏಳೆಂಟು ಗಂಟೆಗೆ ಮುಟ್ಟುತ್ತದೆ. ಹಾಗಾಗಿ ಹೈನಲ್ಲಿ 1 ಗಂಟೆ ಎಂದರೆ ಲೋನಲ್ಲಿ ಸುಮಾರು 2 ಗಂಟೆ ಎಂದು ಲೆಕ್ಕ ಹಾಕಿ. ಮಾಂಸ, ಕಾಳುಗಳಿಗೆ ಮೊದಲ ಒಂದು ಗಂಟೆ ಹೈ, ಆಮೇಲೆ ಲೋ ಎನ್ನುವ ಕ್ರಮ ಒಳ್ಳೆಯದು.

ವಾರ್ಮ್ ಇರುವುದು ಬೆಂದದ್ದನ್ನು ಬಿಸಿಯಾಗಿಡಲಿಕ್ಕೆ ಮಾತ್ರ. ಹಸಿ ಪದಾರ್ಥ ಹಾಕಿ ವಾರ್ಮ್‌ನಲ್ಲಿಟ್ಟರೆ ಬೇಯುವುದಿಲ್ಲ, ಕೆಡುತ್ತದೆ. ತಣ್ಣಗಿರುವ ಸಾರನ್ನು ಬಿಸಿ ಮಾಡಲಿಕ್ಕೂ ಅದು ಆಗದು.

ಎಷ್ಟು ಲೀಟರಿನದು ತೆಗೆದುಕೊಳ್ಳಬೇಕು?

ಇಬ್ಬರಿಗೆ 1.5 ಲೀಟರ್, ನಾಲ್ಕು ಜನಕ್ಕೆ 3.5, ಎಂಟು ಜನಕ್ಕೆ 6. ಅಳತೆಗಿಂತ ಮುಖ್ಯ, ಪಾತ್ರೆ ಅರ್ಧದಿಂದ ಮುಕ್ಕಾಲಿಗಿಂತ ತುಸು ಕೆಳಗಿನವರೆಗೆ ತುಂಬಿರಬೇಕು. ಹೀಟರ್ ಸುತ್ತ ಇರುವುದರಿಂದ ಕಾಲು ಭಾಗ ಮಾತ್ರ ಹಾಕಿದರೆ ಅಂಚು ಸೀಯುತ್ತದೆ. ಕಂಠಮಟ್ಟ ತುಂಬಿದರೆ ನಡುವಿನದು ಬಿಸಿಯಾಗಲು ತೀರಾ ತಡವಾಗುತ್ತದೆ. ಹಬ್ಬಕ್ಕೆ ನೆಂಟರು ಬರುತ್ತಾರೆಂದು ದೊಡ್ಡದನ್ನು ಕೊಂಡು ಉಳಿದ ದಿನ ಮೂರು ಜನಕ್ಕೆ ಅದರಲ್ಲೇ ಮಾಡುವುದು ಸರಿಯಾಗುವುದಿಲ್ಲ.

ಅಮೆರಿಕದಿಂದ ಮಕ್ಕಳು ತಂದುಕೊಟ್ಟದ್ದನ್ನು ಇಲ್ಲಿ ಬಳಸಬಹುದೆ?

ಮೊದಲು ತಳದ ಚೀಟಿ ಓದಿ. 120 ವೋಲ್ಟ್ ಎಂದಿದ್ದರೆ ನೇರವಾಗಿ ನಮ್ಮ 230 ವೋಲ್ಟ್ ಪ್ಲಗ್ಗಿಗೆ ಹಾಕಬೇಡಿ. ವೋಲ್ಟೇಜ್ ಸುಮಾರು ಎರಡು ಪಟ್ಟಾದರೆ ಹೀಟರ್ ಎಳೆಯುವ ಶಕ್ತಿ ಮೂರೂವರೆ ಪಟ್ಟಿಗೂ ಮೀರುತ್ತದೆ. ಕಾಯಿಲ್ ಸುಡುತ್ತದೆ, ಬೆಂಕಿಯೂ ಹತ್ತಬಹುದು. ಅಂಗಡಿಯಲ್ಲಿ ಸಿಗುವ ಸಣ್ಣ ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಿಸುತ್ತದೆ, ವೋಲ್ಟೇಜನ್ನಲ್ಲ. 250 ವಾಟಿನ ಕುಕ್ಕರಿಗೆ ಕನಿಷ್ಠ 500 ವಾಟಿನ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ತಾಸುಗಟ್ಟಲೆ ಬಿಸಿಯಾಗಿ ಕೂರುವುದನ್ನು ನೋಡಿದರೆ ಇಲ್ಲಿಯದನ್ನೇ ಕೊಳ್ಳುವುದು ವಾಸಿ ಅನ್ನಿಸುತ್ತದೆ.

ನಮ್ಮ ಸಾರೆಲ್ಲ ನೀರು ನೀರಾಗುತ್ತದೆ. ಎಷ್ಟು ನೀರು ಹಾಕಬೇಕು?

ತೆರೆದ ಪಾತ್ರೆಯಲ್ಲಿ ಕುದಿಸುವಾಗ ನೀರು ಆವಿಯಾಗಿ ಹೋಗುತ್ತದೆ. ಇಲ್ಲಿ ಆವಿ ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಇಳಿಯುತ್ತದೆ. ಮೇಲಿಂದ ಮಾಂಸ, ಈರುಳ್ಳಿ, ಟೊಮೆಟೊ ತಮ್ಮ ನೀರನ್ನೂ ಬಿಡುತ್ತವೆ. ಗ್ಯಾಸ್ ಮೇಲೆ ಮಾಡುವಾಗ ಹಾಕುವ ನೀರಿನಲ್ಲಿ ಮೂರನೇ ಒಂದು ಭಾಗ ಕಡಿಮೆ ಮಾಡಿ. ಗಟ್ಟಿ ಗೊಜ್ಜು, ಸುಕ್ಕಾ ತರಹದ್ದಾದರೆ ಅರ್ಧ ಸಾಕು. ಒಣ ಕಾಳು ಮತ್ತು ಅಕ್ಕಿಗೆ ಈ ಕಡಿತ ಅಷ್ಟಾಗಿ ಹೊಂದುವುದಿಲ್ಲ, ಅವು ನೀರು ಕುಡಿಯುತ್ತವೆ.

ಆಗಲೇ ತೆಳ್ಳಗಾಗಿದ್ದರೆ ಎರಡು ದಾರಿ. ಒಂದು ಚಮಚ ಅಕ್ಕಿಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿ ಹೈನಲ್ಲಿ 25 ನಿಮಿಷ ಬಿಡುವುದು. ಇಲ್ಲವೇ ರಸವನ್ನು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ ಗ್ಯಾಸ್ ಮೇಲೆ ಕುದಿಸಿ ಇಳಿಸುವುದು. ರುಚಿಗೆ ಎರಡನೆಯದೇ ಮೇಲು. ಮುಚ್ಚಳ ತೆರೆದಿಟ್ಟು ಕುಕ್ಕರಿನಲ್ಲೇ ಬತ್ತಿಸಲು ಹೋದರೆ ಸಂಜೆಯಾದೀತು.

ಹಾಕುವ ನೀರು ಯಾವತ್ತೂ ಕುದಿಯುವ ನೀರಾಗಿರಲಿ. ಪಿಂಗಾಣಿ ತಣ್ಣಗಿದ್ದರೆ ಮೊದಲು ಬೆಚ್ಚನೆ ನೀರು ಸುತ್ತಾಡಿಸಿ ಚೆಲ್ಲಿ, ಆಮೇಲೆ ಬಿಸಿಯದನ್ನು ಸುರಿಯಿರಿ.

ಇಷ್ಟು ಕೂಗಿಗೆ ಇಷ್ಟು ಗಂಟೆ ಎಂದು ಲೆಕ್ಕ ಇದೆಯೆ?

ಕರಾರುವಾಕ್ಕು ಲೆಕ್ಕ ಇಲ್ಲ, ಅಂದಾಜು ಇದೆ. ಪ್ರೆಶರ್ ಕುಕ್ಕರಿನಲ್ಲಿ 5ರಿಂದ 6 ಕೂಗು ಬೇಕಾಗುವ ಕುರಿಮಾಂಸ, ನೆನೆಸಿದ ಕಡಲೆ, ಹುರುಳಿ ಇವಕ್ಕೆ ಹೈನಲ್ಲಿ 4ರಿಂದ 5 ಗಂಟೆ, ಲೋನಲ್ಲಿ 8 ಗಂಟೆ. 2ರಿಂದ 3 ಕೂಗು ಬೇಕಾಗುವ, ಸಿಪ್ಪೆ ತೆಗೆದ ಹಲಸಿನ ಬೀಜಕ್ಕೆ ಹೈನಲ್ಲಿ ಎರಡೂವರೆಯಿಂದ ಮೂರೂವರೆ ಗಂಟೆ. ಕೋಳಿಯ ಲೆಕ್ಕ ಮುಂದಿದೆ.

ಆಲೂಗಡ್ಡೆ, ಸುವರ್ಣಗೆಡ್ಡೆ, ಕ್ಯಾರೆಟ್ ಮಾಂಸಕ್ಕಿಂತ ನಿಧಾನವಾಗಿ ಬೇಯುತ್ತವೆ ಎಂಬುದು ಹೊಸಬರಿಗೆ ಆಶ್ಚರ್ಯ. ಅವನ್ನು 2 ಸೆಂ.ಮೀ. ಹೋಳು ಮಾಡಿ ತಳದಲ್ಲೂ ಅಂಚಿನಲ್ಲೂ ಹರಡಿ, ಮಾಂಸವನ್ನು ಮೇಲಿಡಿ. ಸೊಪ್ಪು ಕೊನೆಯ 15 ನಿಮಿಷಕ್ಕೆ.

ಹುರುಳಿ ಕಟ್ಟಿನ ಸಾರಿಗೆ ಸರಿಯಾದ ಕ್ರಮ ಯಾವುದು?

ಈ ಕುಕ್ಕರನ್ನು ಕೊಳ್ಳಲು ಒಂದೇ ಕಾರಣ ಹೇಳಿ ಎಂದರೆ ಹುರುಳಿಯನ್ನು ಹೇಳಬಹುದು. ಪ್ರೆಶರ್ ಕುಕ್ಕರಿನ ಕಟ್ಟು ತೆಳ್ಳಗಿರುತ್ತದೆ. ಎಂಟು ಗಂಟೆ ನಿಧಾನ ಬೆಂದ ಹುರುಳಿಯ ಕಟ್ಟು ಗಾಢ ಕಂದು ಬಣ್ಣಕ್ಕೆ ತಿರುಗಿ ದಪ್ಪಗಿರುತ್ತದೆ.

1 ಲೋಟ ಹುರುಳಿಯನ್ನು ಕಲ್ಲು ಆರಿಸಿ ರಾತ್ರಿಯಿಡೀ ನೆನೆಸಿ. ನೆನೆದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸ್ ಮೇಲೆ 10 ನಿಮಿಷ ಕುದಿಸಿ, ನೊರೆ ತೆಗೆಯಿರಿ. ಆ ನೀರಿನ ಸಮೇತ ಕುಕ್ಕರಿಗೆ ಹಾಕಿ. ಒಟ್ಟು ನೀರು 7 ಲೋಟ ಇರಲಿ. 1 ಚಮಚ ತೆಂಗಿನೆಣ್ಣೆ, ಎರಡು ಜಜ್ಜಿದ ಬೆಳ್ಳುಳ್ಳಿ. ಲೋನಲ್ಲಿ 8ರಿಂದ 9 ಗಂಟೆ ಅಥವಾ ಹೈನಲ್ಲಿ 5. ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆಯೂ ಅರೆಯುವಂತಿರಬೇಕು.

ಕಟ್ಟು ಸೋಸಿಕೊಳ್ಳಿ. ಎರಡು ಸೌಟು ಕಾಳು, ಅರ್ಧ ಲೋಟ ಕಾಯಿತುರಿ, ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ ಸೇರಿಸಿ ರುಬ್ಬಿ ಕಟ್ಟಿಗೆ ಬೆರೆಸಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ರಸ, ಉಪ್ಪು ಹಾಕಿ. ಇಲ್ಲಿಂದ ಮುಂದೆ ಗ್ಯಾಸ್ ಮೇಲೆಯೇ: ಚೆನ್ನಾಗಿ ಒಂದು ಕುದಿ ಬರಿಸಿ, ಬೆಳ್ಳುಳ್ಳಿ ಕೆಂಪಗಾಗುವ ಒಗ್ಗರಣೆ ಕೊಡಿ. ಉಳಿದ ಕಾಳು ಪಲ್ಯಕ್ಕೆ.

ಎಂಟು ಗಂಟೆ ಇಟ್ಟರೂ ಕಾಳು ಬೇಯಲಿಲ್ಲ. ಯಾಕೆ?

ಹತ್ತರಲ್ಲಿ ಎಂಟು ಸಲ ಕಾರಣ ಹುಳಿ. ಹುಣಸೆ, ಟೊಮೆಟೊ, ಉಪ್ಪಾಗೆ, ವಾಟೆಹುಳಿ, ಅಮಟೆಕಾಯಿ ಯಾವುದನ್ನೇ ಮೊದಲೇ ಹಾಕಿದರೂ ಕಾಳಿನ ಗೋಡೆ ಗಟ್ಟಿಯಾಗಿ ನಿಂತುಬಿಡುತ್ತದೆ. ಪ್ರೆಶರ್ ಕುಕ್ಕರಿನ ಕಾವು ಅದನ್ನು ಹೇಗೋ ಮೀರುತ್ತದೆ, ಸ್ಲೋ ಕುಕ್ಕರಿನ ಕಾವು ಮೀರುವುದಿಲ್ಲ. ಬೆಲ್ಲವೂ ಹಾಗೇ. ಉಪ್ಪಿನ ಮೇಲಿನ ಆರೋಪ ಮಾತ್ರ ಸುಳ್ಳು; ಉಪ್ಪು ಮೊದಲೇ ಹಾಕಿದರೂ ಕಾಳು ಬೇಯುತ್ತದೆ.

ಎರಡನೆಯದು ನೀರು. ಅಬ್ಬಿ ನೀರು, ಬಾವಿ ನೀರು ಸಾಮಾನ್ಯವಾಗಿ ಮೆದು. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ ಇದ್ದರೆ (ಪಾತ್ರೆಯ ಒಳಗೆ ಬಿಳಿ ಪದರ ಕಟ್ಟುವುದೇ ಗುರುತು) ಕಾಳು ಮೆತ್ತಗಾಗುವುದಿಲ್ಲ. ಒಂದು ಲೋಟ ಕಾಳಿಗೆ ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ. ಮೂರನೆಯದು ಕಾಳಿನ ವಯಸ್ಸು: ಎರಡು ಮಳೆಗಾಲ ಡಬ್ಬದಲ್ಲಿ ಕಳೆದ ಕಾಳು ಏನು ಮಾಡಿದರೂ ಅಷ್ಟಕ್ಕಷ್ಟೇ. ಇವು ಮೂರೂ ಅಲ್ಲವಾದರೆ ವೋಲ್ಟೇಜ್. ಅದರ ಮಾತು ಮುಂದಿದೆ.

ರಾಜ್ಮಾವನ್ನು ನೇರವಾಗಿ ಹಾಕಬಹುದೆ?

ಕೂಡದು. ಈ ಪುಟದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ವಿಷಾಂಶವಿದೆ. ಅರೆಬೆಂದ ನಾಲ್ಕೈದು ಕಾಳು ತಿಂದರೂ ಕೆಲವೇ ಗಂಟೆಯಲ್ಲಿ ವಾಂತಿ, ಭೇದಿ ಶುರುವಾಗಬಹುದು. 100 ಡಿಗ್ರಿಯಲ್ಲಿ ಕೊತಕೊತ ಕುದಿದರೆ ಅದು ನಾಶವಾಗುತ್ತದೆ. 80 ಡಿಗ್ರಿಯ ಆಸುಪಾಸಿನಲ್ಲಿ ಎಷ್ಟು ಹೊತ್ತು ಇಟ್ಟರೂ ಪೂರ್ತಿ ಹೋಗುವುದಿಲ್ಲ, ಬದಲಿಗೆ ಹಸಿಯದಕ್ಕಿಂತ ಹೆಚ್ಚು ತೊಂದರೆ ಕೊಡುತ್ತದೆ. ನಿಧಾನವಾಗಿ ಬಿಸಿಯೇರುವಾಗ ಸ್ಲೋ ಕುಕ್ಕರ್ ಗಂಟೆಗಟ್ಟಲೆ ಇರುವುದೇ ಆ ಕಾವಿನಲ್ಲಿ.

ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಗ್ಯಾಸ್ ಮೇಲೆ ಜೋರಾಗಿ ಕುದಿಸಿ. 10 ನಿಮಿಷ ಕನಿಷ್ಠ, 30 ನಿಮಿಷವಾದರೆ ನಿಶ್ಚಿಂತೆ. ಆಮೇಲೆ ಕುಕ್ಕರಿಗೆ. ಒಣ ಅವರೆಕಾಳಿಗೂ ಇದೇ ಶಿಸ್ತು ಇರಲಿ.

ಕಳಲೆ?

ಕಳಲೆಯ ಕಹಿಯ ಜೊತೆ ಸೈನೈಡ್ ಬಿಡುವ ಅಂಶವಿದೆ. ಹೆಚ್ಚಿ ಎರಡು ಮೂರು ದಿನ ದಿನಾ ನೀರು ಬದಲಿಸುತ್ತಾ ನೆನೆಸಿ, ತೆರೆದ ಪಾತ್ರೆಯಲ್ಲಿ ಕುದಿಸಿ ನೀರು ಚೆಲ್ಲುವ ನಮ್ಮ ಹಳೆಯ ಕ್ರಮ ಇರುವುದು ಇದಕ್ಕೇ. ಕುದಿಯುವಾಗ ಅದು ಆವಿಯೊಡನೆ ಹಾರಿಹೋಗಬೇಕು. ಮುಚ್ಚಳ ಬಿಗಿದ ಕುಕ್ಕರಿನಲ್ಲಿ ಆವಿ ಮತ್ತೆ ಒಳಗೇ ಇಳಿಯುವುದರಿಂದ ಹಸಿ ಕಳಲೆಯನ್ನು ಅದಕ್ಕೆ ಹಾಕುವ ಯೋಚನೆಯೇ ಬೇಡ. ನೆನೆಸಿ ಕುದಿಸಿದ ಮೇಲೆ ಹುರುಳಿಯ ಜೊತೆ ಸೇರಿಸಲು ಅಡ್ಡಿಯಿಲ್ಲ.

ಕೆಸುವಿನ ದಂಟು, ಸೊಪ್ಪಿನದೂ ಇದೇ ಕಥೆ, ಕಾರಣ ಮಾತ್ರ ಬೇರೆ. ಗಂಟಲು ತುರಿಸುವ ಸೂಜಿಯಂಥ ಹರಳುಗಳು ಅದರಲ್ಲಿವೆ. ಹುಳಿ ಹಾಕಿ ಗ್ಯಾಸ್ ಮೇಲೆ ಚೆನ್ನಾಗಿ ಕುದಿಸಿ ಮಾಡುವುದೇ ಸರಿ.

ನಾಟಿಕೋಳಿಗೆ ಎಷ್ಟು ಹೊತ್ತು? ಫಾರಂ ಕೋಳಿ ಎಳೆ ಎಳೆಯಾಗುತ್ತದೆ.

ಎರಡಕ್ಕೂ ಒಂದೇ ಸಮಯ ಕೊಟ್ಟದ್ದೇ ತಪ್ಪು. ಫಾರಂ ಕೋಳಿ ಆರು ವಾರದ ಎಳೆಯದು, ಅದಕ್ಕೆ ಲೋನಲ್ಲಿ 4 ಗಂಟೆ ಮೀರಬಾರದು. ಎದೆಯ ಭಾಗವಾದರೆ 3 ಗಂಟೆ. ಒಂದು ವರ್ಷ ದಾಟಿದ ನಾಟಿಕೋಳಿಗೆ ಲೋನಲ್ಲಿ 7ರಿಂದ 8, ಹುಂಜ ಬಲಿತದ್ದಾದರೆ 9.

ಕಡುಬಿಗೆ ನೆಂಚಿಕೊಳ್ಳುವ ಸಾರಿಗೆ 1 ಕೆ.ಜಿ. ಕೋಳಿ, 3 ಲೋಟ ಕುದಿನೀರು. ಬಾಣಲೆಯಲ್ಲಿ ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ಮಾಂಸವನ್ನೂ ಅದರಲ್ಲೇ 6ರಿಂದ 7 ನಿಮಿಷ ಹೊರಳಾಡಿಸಿ ನಂತರ ಕುಕ್ಕರಿಗೆ ಹಾಕಿ. ಸ್ಲೋ ಕುಕ್ಕರ್ ಏನನ್ನೂ ಹುರಿಯುವುದಿಲ್ಲ. ಹಸಿ ಈರುಳ್ಳಿ, ಹಸಿ ಮಸಾಲೆ ಹಾಕಿದರೆ ಎಂಟು ಗಂಟೆಯ ನಂತರವೂ ಹಸಿ ವಾಸನೆಯೇ. ಬಾಣಲೆಗೆ ಅಂಟಿದ್ದನ್ನು ಅರ್ಧ ಲೋಟ ಬಿಸಿನೀರಲ್ಲಿ ಕೆರೆದು ಅದನ್ನೂ ಸುರಿಯಿರಿ, ರುಚಿ ಇರುವುದು ಅದರಲ್ಲೇ.

ಕುರಿ, ಹಂದಿ, ಕಾಲು ಸೂಪು?

ಕುರಿಯ ತೊಡೆಗಿಂತ ಭುಜ, ಕತ್ತು, ಮೊಣಕಾಲಿನ ತುಂಡು ಇದಕ್ಕೆ ಒಳ್ಳೆಯದು, ಬೆಲೆಯೂ ಹೆಚ್ಚಲ್ಲ. ಮೂಳೆಸಹಿತ 1 ಕೆ.ಜಿ.ಗೆ ಒಂದೂವರೆ ಲೋಟ ನೀರು, ಲೋನಲ್ಲಿ 8 ಗಂಟೆ. ಹಂದಿ ಮಾಂಸಕ್ಕೆ ಅರ್ಧ ಲೋಟ ಸಾಕು, ಅದರ ಕೊಬ್ಬೇ ಕರಗಿ ತುಂಬಿಕೊಳ್ಳುತ್ತದೆ. ಬೆಂದ ಮೇಲೆ ಹತ್ತು ನಿಮಿಷ ಹಾಗೇ ಬಿಟ್ಟು ಮೇಲೆ ತೇಲುವ ಕೊಬ್ಬನ್ನು ಸೌಟಿನಲ್ಲಿ ತೆಗೆಯಿರಿ. ಮಾಂಸಕ್ಕೆ ಉಪ್ಪಾಗೆ ಹುಳಿ ಮೊದಲೇ ಹಾಕಿದರೂ ಬೇಯಲು ತೊಡಕಿಲ್ಲ, ಕಾಳಿನ ನಿಯಮ ಇದಕ್ಕೆ ಅನ್ವಯಿಸದು.

ಕಾಲು ಸೂಪಿಗೆ ಸುಟ್ಟು ಕೆರೆದು ತುಂಡು ಮಾಡಿದ 4 ಕಾಲು. ಮೊದಲು 5 ನಿಮಿಷ ಕುದಿಸಿ ಆ ನೀರು ಚೆಲ್ಲಿ. ಒಂದೂಕಾಲು ಲೀಟರ್ ಹೊಸ ಬಿಸಿನೀರು, ಶುಂಠಿ, ಒಂದು ಈರುಳ್ಳಿ ಹಾಕಿ ಲೋನಲ್ಲಿ 10ರಿಂದ 12 ಗಂಟೆ. ಮೆಣಸಿನಕಾಳಿನ ಪುಡಿಯನ್ನು ಬಡಿಸುವ ಮುಂಚೆ ಹಾಕಿ.

ಮೀನು, ಏಡಿ, ಸಿಗಡಿ?

ಬೇಡ. ಗ್ಯಾಸ್ ಮೇಲೆ ಹತ್ತು ಹದಿನೈದು ನಿಮಿಷದ ಕೆಲಸ ಅದು.

ಕಾಯಿ ಮಸಾಲೆ ಒಡೆದು ಎಣ್ಣೆ ಮೇಲೆ ನಿಲ್ಲುತ್ತದೆ.

ಹಸಿ ಕಾಯಿ ರುಬ್ಬಿ ಹಾಕಿದ್ದು, ಕಾಯಿಹಾಲು, ಮೊಸರು, ಹಾಲು ಇವು ಯಾವುವೂ ಎಂಟು ಗಂಟೆಯ ಕಾವು ತಾಳುವುದಿಲ್ಲ. ಕಾಯಿಹಾಲನ್ನು ಕೊನೆಯ 20 ನಿಮಿಷಕ್ಕೆ ಹಾಕಿ. ಹಸಿ ಕಾಯಿ ಮಸಾಲೆಯನ್ನು ಕೊನೆಗೆ ಬೆರೆಸಿ ಗ್ಯಾಸ್ ಮೇಲೆ ಒಂದು ಕುದಿ ಬರಿಸಿ. ಕೆಂಪಗೆ ಹುರಿದು ರುಬ್ಬಿದ ಕಾಯಿ ಮಾತ್ರ ಮೊದಲೇ ಹಾಕಿದರೂ ನಿಲ್ಲುತ್ತದೆ. ಮಜ್ಜಿಗೆಹುಳಿಯನ್ನು ಇದರಲ್ಲಿ ಮಾಡುವ ಪ್ರಯತ್ನವೇ ಬೇಡ.

ರುಚಿ ಸಪ್ಪೆಯಾಗುತ್ತದೆ, ಆದರೆ ಲವಂಗ ಮಾತ್ರ ಮೂಗಿಗೆ ಹೊಡೆಯುತ್ತದೆ.

ಪುಡಿ ಮಸಾಲೆಯ ಘಮ ಗಂಟೆಗಟ್ಟಲೆ ಕಾವಿನಲ್ಲಿ ಮಂಕಾಗುತ್ತದೆ. ಇಡೀ ಲವಂಗ, ಚಕ್ಕೆ ಅಷ್ಟೂ ಹೊತ್ತು ರಸ ಬಿಡುತ್ತಲೇ ಇರುತ್ತವೆ. ಇಡೀ ಮಸಾಲೆಯನ್ನು ಅರ್ಧಕ್ಕೆ ಇಳಿಸಿ. ಪುಡಿಯನ್ನು ಎರಡು ಪಾಲು ಮಾಡಿ, ಒಂದನ್ನು ಹುರಿಯುವಾಗ, ಇನ್ನೊಂದನ್ನು ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ. ಒಗ್ಗರಣೆ ಯಾವತ್ತೂ ಕೊನೆಗೆ: ಸುರಿದ ಕೂಡಲೇ ಮುಚ್ಚಳ ಮುಚ್ಚಿ 5 ನಿಮಿಷ ಬಿಡಿ.

ಕುಚ್ಚಲಕ್ಕಿ ಗಂಜಿ ರಾತ್ರಿ ಇಟ್ಟರೆ ಬೆಳಗ್ಗೆಗೆ ಆಗುತ್ತದೆಯೆ?

ಚೆನ್ನಾಗಿ ಆಗುತ್ತದೆ. ಪಾತ್ರೆಯ ಒಳಬದಿಗೆ ತುಪ್ಪ ಸವರಿ. 1 ಲೋಟ ಅಕ್ಕಿಗೆ 7 ಲೋಟ ಕುದಿನೀರು, ಲೋನಲ್ಲಿ 7 ಗಂಟೆ. ಉಪ್ಪು ಕೊನೆಗೆ. ಬೆಳ್ತಿಗೆ ಅಕ್ಕಿ ಹಾಕಿದರೆ ಅಂಟಾಗಿ ಅಂಚು ಹಿಡಿಯುತ್ತದೆ. ಬೆಂದ ಗಂಜಿಯನ್ನು ಸ್ವಿಚ್ ಆರಿಸಿ ಬೆಚ್ಚಗೆ ಗಂಟೆಗಟ್ಟಲೆ ಇಡಬೇಡಿ. ಅನ್ನದಲ್ಲಿ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ.

ಅಕ್ಕಿ ಪಾಯಸಕ್ಕೆ ಒಂದೂವರೆ ಲೀಟರ್ ಕಾದ ಹಾಲಿಗೆ ಅರ್ಧ ಲೋಟಕ್ಕಿಂತ ಕಡಿಮೆ ಅಕ್ಕಿ, ಲೋನಲ್ಲಿ 5 ಗಂಟೆ, ಎರಡು ಮೂರು ಸಲ ಕೈಯಾಡಿಸಿ. ಬೆಲ್ಲವನ್ನು ಕರಗಿಸಿ ಸೋಸಿ, ಸ್ವಿಚ್ ಆರಿಸಿ ಪಾಯಸ ತುಸು ಆರಿದ ಮೇಲೆ ಬೆರೆಸಿ, ಇಲ್ಲದಿದ್ದರೆ ಹಾಲು ಒಡೆಯುತ್ತದೆ.

ಮಳೆಗಾಲದಲ್ಲಿ ಮೊಸರು ಹೆಪ್ಪಾಗುವುದಿಲ್ಲ, ದೋಸೆ ಹಿಟ್ಟು ಉಬ್ಬುವುದಿಲ್ಲ. ಇದು ಸಹಾಯಕ್ಕೆ ಬರುತ್ತದೆಯೆ?

ಬರುತ್ತದೆ, ಆದರೆ ಸ್ವಿಚ್ ಆರಿಸಿ. ವಾರ್ಮ್‌ನಲ್ಲೂ 65 ಡಿಗ್ರಿಗೆ ಮೇಲೇ ಇರುವುದರಿಂದ ಹೆಪ್ಪು ಸಾಯುತ್ತದೆ. ಪಿಂಗಾಣಿಯೊಳಗೆ ಸುಮಾರು 45 ಡಿಗ್ರಿಯ ನೀರು ತುಂಬಿ (ಕೈಬೆರಳು ಹತ್ತು ಎಣಿಸುವವರೆಗೆ ಸಹಿಸುವಷ್ಟು), ಹೆಪ್ಪು ಹಾಕಿದ ಹಾಲಿನ ಸ್ಟೀಲ್ ಪಾತ್ರೆಯನ್ನು ಅದರಲ್ಲಿ ಅರ್ಧ ಮುಳುಗುವಂತೆ ಇಡಿ. ಮುಚ್ಚಿ, ಮೇಲೊಂದು ದಪ್ಪ ಟವೆಲ್ ಹೊದಿಸಿ. ಮೂರು ಗಂಟೆಗೊಮ್ಮೆ ಟವೆಲ್ ತೆಗೆದು 5 ನಿಮಿಷ ಲೋ ಹಾಕಿ ಆರಿಸಿದರೆ ಕಾವು ಉಳಿಯುತ್ತದೆ. ಆರರಿಂದ ಎಂಟು ಗಂಟೆಗೆ ಗಟ್ಟಿ ಮೊಸರು. ದೋಸೆ ಹಿಟ್ಟಿಗೆ ಇಷ್ಟು ಬಿಸಿ ಬೇಡ, 35 ಡಿಗ್ರಿಯ ನೀರು ಸಾಕು. ಉಬ್ಬಲು ಪಾತ್ರೆಯಲ್ಲಿ ಅರ್ಧ ಜಾಗ ಬಿಡಿ.

ನಡುವೆ ಕರೆಂಟ್ ಹೋದರೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೆಸ್ಕಾಂ ಲೈನಿನ ಮೇಲೆ ಎಲ್ಲಿ ಮರ ಬೀಳುತ್ತದೋ ಹೇಳಲಾಗದ ಊರುಗಳಲ್ಲಿ ಇದು ನಿಜವಾದ ಪ್ರಶ್ನೆ. 5ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ, ಬೇಯದ ಆಹಾರ ಆ ಕಾವಿನಲ್ಲಿ ಎರಡು ಗಂಟೆ ಮೀರಿ ಇರಬಾರದು ಎಂಬುದು ಲೆಕ್ಕ.

ಮನೆಯಲ್ಲಿದ್ದೀರಿ ಎಂದಾದರೆ ಕಾಯುತ್ತಾ ಕೂರಬೇಡಿ. ಅರ್ಧ ಗಂಟೆಯಲ್ಲಿ ಕರೆಂಟ್ ಬರದಿದ್ದರೆ ಎಲ್ಲವನ್ನೂ ಬೇರೆ ಪಾತ್ರೆಗೆ ಬಗ್ಗಿಸಿ ಗ್ಯಾಸ್ ಮೇಲೋ ಪ್ರೆಶರ್ ಕುಕ್ಕರಿನಲ್ಲೋ ಮುಗಿಸಿ. ಪಿಂಗಾಣಿ ಪಾತ್ರೆಯನ್ನೇ ಒಲೆಯ ಮೇಲಿಟ್ಟರೆ ಬಿರುಕು ಬಿಡುವುದು ಖಂಡಿತ. ಪೂರ್ತಿ ಬೆಂದ ಮೇಲೆ ಕರೆಂಟ್ ಹೋಗಿದ್ದರೆ ಮುಚ್ಚಳ ತೆರೆಯದೆ ಎರಡು ಗಂಟೆಯವರೆಗೆ ತೊಂದರೆಯಿಲ್ಲ.

ಮನೆಯಲ್ಲಿ ಇರಲಿಲ್ಲ, ಎಷ್ಟು ಹೊತ್ತು ಹೋಗಿತ್ತೋ ಗೊತ್ತಿಲ್ಲ ಎಂದಾದರೆ ಮಾಂಸವನ್ನು ಚೆಲ್ಲಿ. ನೋಡಲು, ಮೂಸಲು ಸರಿ ಇದ್ದರೂ ಚೆಲ್ಲಿ. ತಿರುಗಿಸುವ ಗುಂಡಿ ಇರುವ ಕುಕ್ಕರ್ ಕರೆಂಟ್ ಬಂದ ಕೂಡಲೇ ತಾನೇ ಮುಂದುವರಿಯುತ್ತದೆ, ಆದ್ದರಿಂದ ಸಂಜೆ ಬಂದು ನೋಡಿದಾಗ ಬಿಸಿಯಾಗಿಯೇ ಇದ್ದು ಮೋಸ ಮಾಡಬಹುದು. ಡಿಜಿಟಲ್ ಮಾದರಿಗಳಲ್ಲಿ ಬಹುಪಾಲು ಆರಿಯೇ ಇರುತ್ತವೆ. ಮನೆಯಲ್ಲಿ ಮೈಕ್ರೋವೇವ್ ಓವನ್ ಇದ್ದು ಅದು ಯುಪಿಎಸ್ ಲೈನಿನಲ್ಲಿ ಇಲ್ಲದಿದ್ದರೆ ಅದರ ಗಡಿಯಾರ ಮಿನುಗುತ್ತಿದೆಯೆ ನೋಡಿ, ಕರೆಂಟ್ ಹೋಗಿ ಬಂದದ್ದು ಅದರಿಂದ ತಿಳಿಯುತ್ತದೆ. ಜೋರು ಗಾಳಿಯ ದಿನ ತೋಟಕ್ಕೋ ಕೆಲಸಕ್ಕೋ ಹೋಗುವಾಗ ಮಾಂಸ ಇಟ್ಟು ಹೋಗದಿರುವುದೇ ಒಳ್ಳೆಯದು. ನೆನೆಸಿ ಕುದಿಸಿದ ಹುರುಳಿ ಇಟ್ಟರೆ ಕೆಟ್ಟರೂ ನಷ್ಟ ಕಡಿಮೆ.

ವೋಲ್ಟೇಜ್ ಕಡಿಮೆ ಇರುವ ಊರಿನಲ್ಲಿ?

ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದಲ್ಲಿ 180 ಬಂದರೆ 200 ವಾಟಿನ ಕುಕ್ಕರ್ ಕೆಲಸ ಮಾಡುವುದು ಸುಮಾರು 120 ವಾಟಿನಲ್ಲಿ. ಲೋನಲ್ಲಿ ಬೇಯುವುದೇ ಇಲ್ಲ. ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ಹೈನಲ್ಲೇ ಇಡಿ, ಎಲ್ಲವನ್ನೂ ಕುದಿಸಿಯೇ ಒಳಗೆ ಹಾಕಿ.

ಕುಕ್ಕರಿನ ಪರೀಕ್ಷೆಗೆ ಒಂದು ಉಪಾಯ: ಅರ್ಧ ಪಾತ್ರೆ ತಣ್ಣೀರು ತುಂಬಿ, ಮುಚ್ಚಿ, ಲೋನಲ್ಲಿ 8 ಗಂಟೆ ಬಿಡಿ. ಮುಚ್ಚಳ ತೆಗೆದ ತಕ್ಷಣ ಅಡುಗೆ ಥರ್ಮಾಮೀಟರಿನಲ್ಲಿ ನೋಡಿ. 85 ಡಿಗ್ರಿಗಿಂತ ಕಡಿಮೆ ಇದ್ದರೆ ಕುಕ್ಕರಿನಲ್ಲೋ ಕರೆಂಟಿನಲ್ಲೋ ದೋಷವಿದೆ, ಮಾಂಸಕ್ಕೆ ಅದನ್ನು ನಂಬಬೇಡಿ.

ಯುಪಿಎಸ್ ಮೇಲೆ ಓಡಿಸಬಹುದೆ? ಬಿಲ್ ಎಷ್ಟು ಬರುತ್ತದೆ?

12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1800 ವಾಟ್-ಅವರ್ ಇರುತ್ತದೆ, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. 200 ವಾಟಿನ ಕುಕ್ಕರ್ ಎರಡು ಗಂಟೆಗೆ 400 ನುಂಗುತ್ತದೆ. ಒಂದೆರಡು ಗಂಟೆ ದಾಟಿಸಲು ಆಗುತ್ತದೆ. ರಾತ್ರಿ ಪೂರ್ತಿ ಇಟ್ಟರೆ ದೀಪಕ್ಕೆ ಏನೂ ಉಳಿಯದು.

200 ವಾಟಿನದು 8 ಗಂಟೆ ಓಡಿದರೆ 1.6 ಯೂನಿಟ್. ವಾರಕ್ಕೆರಡು ಸಲವಾದರೆ ತಿಂಗಳಿಗೆ 14 ಯೂನಿಟ್ ಆಸುಪಾಸು, ದಿನಾ ಆದರೆ 48. 2023ರಲ್ಲಿ ಶುರುವಾದ ಗೃಹಜ್ಯೋತಿಯ ಲಾಭ ಪಡೆಯುವವರು ತಮಗೆ ನಿಗದಿಯಾದ ಉಚಿತ ಯೂನಿಟ್‌ಗಳ ಮಿತಿಯನ್ನು ಒಮ್ಮೆ ನೋಡಿಕೊಳ್ಳಲಿ: ಆ ಮಿತಿ ಮೀರಿದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು.

ಗುಡ್ಡದ ಊರಿಗೆ ಸಮಯ ಹೆಚ್ಚು ಬೇಕೆ?

ಶಿವಮೊಗ್ಗ, ಆಗುಂಬೆಯ ಎತ್ತರ ಸುಮಾರು 600 ಮೀಟರ್ ಆಸುಪಾಸು. ಅಲ್ಲಿ ನೀರು 98 ಡಿಗ್ರಿಗೆ ಕುದಿಯುತ್ತದೆ, ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ. ಬಾಬಾಬುಡನ್‌ಗಿರಿ ಕಡೆಯ ಎತ್ತರದ ಎಸ್ಟೇಟುಗಳಲ್ಲಿ ಕಾಳಿಗೆ ಒಂದು ಗಂಟೆ ಸೇರಿಸಿ.

ಮುಚ್ಚಳ ತೆಗೆದು ಕೈಯಾಡಿಸಬೇಕೆ?

ಬೇಡ. ಒಂದು ಸಲ ತೆಗೆದರೆ ಕಳೆದ ಕಾವು ಮರಳಲು 20ರಿಂದ 30 ನಿಮಿಷ ಬೇಕು. ಗಾಜಿನ ಮುಚ್ಚಳವನ್ನು ತಟ್ಟಿದರೆ ಹನಿ ಇಳಿದು ಒಳಗೆ ಕಾಣುತ್ತದೆ.

ಫ್ರೀಜರಿನ ಮಾಂಸ, ಉಳಿದ ಸಾರು?

ಹಿಮಗಟ್ಟಿದ ಮಾಂಸವನ್ನು ನೇರವಾಗಿ ಹಾಕಬೇಡಿ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ ಕರಗಿಸಿ. ಉಳಿದ ಸಾರನ್ನು ಎರಡು ಗಂಟೆಯೊಳಗೆ ಅಗಲ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿಗಿಡಿ. ಮತ್ತೆ ಬಿಸಿ ಮಾಡುವುದು ಗ್ಯಾಸ್ ಮೇಲೆಯೇ, ಕುದಿ ಬರುವವರೆಗೆ.

ಪಿಂಗಾಣಿ ಒಡೆಯದಂತೆ, ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದು ಹೇಗೆ?

ಒಡೆಯುವುದು ಬಿದ್ದೇ ಎಂದೇನಿಲ್ಲ. ಬಿಸಿ ಪಾತ್ರೆಯನ್ನು ತಣ್ಣನೆಯ ಗ್ರಾನೈಟ್ ಕಟ್ಟೆ ಮೇಲಿಟ್ಟರೆ, ನಲ್ಲಿಯ ತಣ್ಣೀರು ಬಿಟ್ಟರೆ ಸೀಳುತ್ತದೆ. ಮರದ ಹಲಗೆ ಅಥವಾ ಮಡಿಸಿದ ಬಟ್ಟೆಯ ಮೇಲಿಡಿ, ಆರಿದ ಮೇಲೆ ತೊಳೆಯಿರಿ. ಅಂಚಿಗೆ ಸೀದದ್ದಕ್ಕೆ ಬಿಸಿನೀರು ಮತ್ತು ಒಂದು ಚಮಚ ಅಡುಗೆ ಸೋಡಾ ಹಾಕಿ ರಾತ್ರಿ ಬಿಟ್ಟರೆ ಸಾಕು, ಸ್ಟೀಲ್ ನಾರು ಮುಟ್ಟಿಸಬೇಡಿ. ಕೂದಲೆಳೆಯ ಬಿರುಕು ಕಂಡರೂ ಪಾತ್ರೆ ಬದಲಿಸಿ. ಸಾರು ಸೋರಿ ಹೀಟರಿಗೆ ಇಳಿದರೆ ಶಾಕ್ ಹೊಡೆಯುತ್ತದೆ.

ಮಳೆಗಾಲದಲ್ಲಿ ಬಳಸದೆ ಎತ್ತಿಡುವಾಗ ಮುಚ್ಚಳ ಬೋರಲು ಹಾಕಿ, ಗಾಳಿಯಾಡಲು ಜಾಗ ಬಿಡಿ. ಹೊರ ಕವಚವನ್ನು ನೀರಿಗೆ ಅದ್ದದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತಿಂಗಳು ಕಳೆದು ಮತ್ತೆ ತೆಗೆದಾಗ ಮೊದಲು ಬರಿ ನೀರು ಹಾಕಿ ಅರ್ಧ ಗಂಟೆ ಹೈನಲ್ಲಿ ಓಡಿಸಿ. ಆಗ ಕವಚ ಮುಟ್ಟಿದರೆ ಜುಮ್ ಎಂದರೆ ಪ್ಲಗ್ ಕಿತ್ತು, ಮನೆಯ ಅರ್ಥಿಂಗ್ ಮತ್ತು ಕುಕ್ಕರ್ ಎರಡನ್ನೂ ಎಲೆಕ್ಟ್ರಿಷಿಯನ್‌ಗೆ ತೋರಿಸಿ.